ಚುಕ್ಕಿ

ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ
ನಾಡಕಚೇರಿಯ ಹಿಂದೆ ತಂತಿಬೇಲಿಯ ಬೀಗ ತೆಗೆದು
ಡಬ್ಬಿಯ ನೀರನ್ನು ಅಳತೆಗಾಜಿಗೆ ಬಗ್ಗಿಸುತ್ತೇನೆ.
ಹನ್ನೊಂದು ವರ್ಷದಿಂದ ಇದೇ.
ಮಳೆ ಇಲ್ಲದ ದಿನವೂ ಬಗ್ಗಿಸಬೇಕು,
ಸೊನ್ನೆಗೂ ಸಹಿ ಬೇಕು ಸರ್ಕಾರಕ್ಕೆ.

ಹೆಸರು ಸಾಕಮ್ಮ.
ಹಾಗೆ ಹೆಸರಿಟ್ಟ ಮೇಲೂ ನನ್ನ ಬೆನ್ನಿಗೆ ಇಬ್ಬರು ಹೆಣ್ಣು.
ಸಾಕೆಂದರೆ ನಿಲ್ಲುವಂಥದ್ದು, ಬೇಕೆಂದರೆ ಬರುವಂಥದ್ದು
ಯಾವುದನ್ನೂ ನಾನು ಕಂಡಿಲ್ಲ.

ಮೊನ್ನೆ ಉತ್ತರೆ ಮಳೆ.
ರಾತ್ರಿ ಹತ್ತರಿಂದ ಹನ್ನೆರಡು,
ಮುಗಿಲು ತನ್ನ ಬೋಸಿಯನ್ನು ಬೋರಲು ಹಾಕಿದಂತೆ.
ಬೆಳಿಗ್ಗೆ ಗಾಜು ತುಂಬಿ, ಚೆಲ್ಲಿ, ಮತ್ತೆ ತುಂಬಿ
ಲೆಕ್ಕ ಕೂಡಿಸಿದೆ:
ಎಪ್ಪತ್ತೊಂದು ಚುಕ್ಕಿ ನಾಲ್ಕು.
(ಎಲ್ಲರೂ ಪಾಯಿಂಟ್ ಅನ್ನುತ್ತಾರೆ. ನನಗೆ ಚುಕ್ಕಿಯೇ ರೂಢಿ.)

ಹೋಬಳಿಗೆ ಒಂದೇ ಡಬ್ಬಿ.
ಮೂವತ್ತೆಂಟು ಹಳ್ಳಿಯ ಆಕಾಶಕ್ಕೆ
ಗೇಣಗಲದ ಬಾಯಿ.

ಒಂಬತ್ತಕ್ಕೆ ಪಡುವಲ ಕಡೆಯವರು ಬಂದರು.
ಹುಳದ ಮನೆಗೆ ನೀರು ನುಗ್ಗಿ
ನಾಕನೇ ಜ್ವರ ಎದ್ದ ಹುಳವೆಲ್ಲ ತಟ್ಟೆಯಲ್ಲೇ ತೇಲುತ್ತಿವೆಯಂತೆ.
ಪಾಪೇಗೌಡರ ಮಗಳು ಒಂದು ಹಿಡಿ
ಪ್ಲಾಸ್ಟಿಕ್ ಕವರಿನಲ್ಲಿ ತಂದು ರಿಜಿಸ್ಟರಿನ ಪಕ್ಕ ಇಟ್ಟಳು.
"ಅರವತ್ತೈದು ದಾಟಿದ್ರೆ ಪರಿಹಾರ ಅಂತೆ. ದಾಟೈತಾ?"
ದಾಟಿದೆ ಎಂದೆ.
ಕವರಿನೊಳಗೆ ಒಂದು ಹುಳ ಇನ್ನೂ ತಲೆಯೆತ್ತಿ
ಸೊಪ್ಪು ಹುಡುಕುತ್ತಿತ್ತು.

ಹತ್ತೂವರೆಗೆ ಮೂಡಲ ಕಡೆಯವರು.
ತಾತನ ಕಾಲದಲ್ಲಿ ನಾಲೆ
ನಮ್ಮೂರು ಎರಡು ಮೈಲಿ ಇರುವಾಗಲೇ ಹೊರಳಿಕೊಂಡಿತ್ತು.
ಈಗ ಮೋಡವೂ ಅದೇ ಪಾಠ ಕಲಿತಿದೆ,
ಮೈಲಿಗಲ್ಲಿನ ತನಕ ಬಂದು
ಏನೋ ಮರೆತವರ ಹಾಗೆ ಹಿಂದಕ್ಕೆ.
ರಾಗಿ ಹೊಡೆಯಲ್ಲೇ ಸಿಕ್ಕಿಕೊಂಡಿದೆ.
"ಬರದ ಪಟ್ಟಿಗೆ ಸೇರ್ಬೇಕು ಕಣವ್ವ.
ನೀನು ಎಪ್ಪತ್ತೊಂದು ಅಂದ್ಬುಟ್ರೆ
ನಾವು ಕಾಗದದ ಮೇಲೆ ಮುಳುಗೋದ್ವಿ."

ಆಮೇಲೆ ನಿಂಗರಾಜು.
ಮೂರು ಪಕ್ಷ ಬದಲಿಸಿಯೂ ಬೈಕು ಬದಲಿಸದವನು.
ಹೊಂಗೆ ಮರದ ಕೆಳಗೆ ಕರೆದು ದನಿ ತಗ್ಗಿಸಿದ:
"ಅಕ್ಕಾ, ಅಂಕಿ ಮುಟ್ಬ್ಯಾಡಿ, ಸುಳ್ಳು ಬರೀಬ್ಯಾಡಿ.
ಚುಕ್ಕೀನ ಒಂದು ಮನೆ ಎಡಕ್ಕೆ ಸರ್ಸಿ, ಅಷ್ಟೇಯ.
ಏಳು ಚುಕ್ಕಿ ಒಂದು ನಾಕು.
ನಿಮ್ಮೂರೂ ಮೂಡಲಾಗೇ ಅಲ್ವಾ ಇರೋದು?"

ನದಿಯ ಮಾತಾದರೆ ಸಲೀಸು.
ಮಂಡ್ಯದ ಸರ್ಕಲ್ಲಿನಲ್ಲಿ ಟೈರು ಹೊತ್ತಿದರೆ
ಜಿಲ್ಲೆಗೆ ಜಿಲ್ಲೆಯೇ ಒಂದು ಗಂಟಲು;
ಪಡುವಲ ಮೂಡಲ ಒಂದೇ ಲಾರಿಯಲ್ಲಿ ನಿಂತು
ಆಚೆ ರಾಜ್ಯವನ್ನು ಬೈಯುತ್ತವೆ.
ಮೋಡಕ್ಕೆ ಆಚೆ ರಾಜ್ಯ ಯಾವುದು?
ರಸ್ತೆಯ ಆಚೆ ಬದಿ.

ಅಮ್ಮ ಇರುಳ ಚುಕ್ಕಿ ನೋಡಿ ಮಳೆಯ ಹೆಸರು ಹೇಳುತ್ತಿದ್ದಳು.
ಉತ್ತರೆ ಬಂತೆಂದರೆ ನಗುತ್ತಿದ್ದಳು:
ಎತ್ತಿನ ಒಂದು ಕೊಂಬು ನೆನೆಸಿ
ಇನ್ನೊಂದನ್ನು ಒಣಗಲು ಬಿಡೋ ಮಳೆ ಅದು.
ತಮಾಷೆಗೆ ಹೇಳಿದ್ದು.

ಎಪ್ಪತ್ತೊಂದು ಚುಕ್ಕಿ ನಾಲ್ಕು ಎಂದೇ ಬರೆದೆ.
ಪೆನ್ನು ಚುಕ್ಕಿಯ ಮೇಲೆ ತುಸು ಹೆಚ್ಚೇ ನಿಂತಿರಬೇಕು,
ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ.
ಷರಾ ಕಾಲಮಿನಲ್ಲಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ,
ಒಂದು ಸಾಲು:
ಮೈಲಿಗಲ್ಲಿನಿಂದ ಮೂಡಲಿಗೆ ಧೂಳು.

ಸಂಜೆಯ ಬಸ್ಸು. ಚಕ್ರದ ಸದ್ದು
ಕಲ್ಲಿನ ಹತ್ತಿರ ಬದಲಾಯಿತು.
ಅಂಗಳದಲ್ಲಿ ಅಮ್ಮ ಮೂರು ದಿನದಿಂದ
ಬಾನಿಗೆ ಬಾಯ್ದೆರೆದಿಟ್ಟ ಬೋಸಿ, ತಳದಲ್ಲಿ ಹೊಂಗೆಯ ಎಲೆ.
"ಎಷ್ಟು ಬರ್ದೆ?"
ಹೇಳಿದೆ.
ಅವಳೇನೂ ಅನ್ನಲಿಲ್ಲ. ಎಲೆ ಕೊಡವಿ
ಬೋಸಿಯನ್ನು ಬೋರಲು ಹಾಕಿ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ತಾಲ್ಲೂಕು ಕಚೇರಿಯ ಫೋನು,
ಹೊಸ ಹುಡುಗ, ಮರ್ಯಾದಸ್ಥ:
"ಮೇಡಂ, ಷರಾದಲ್ಲಿ ಧೂಳು ಅಂತ ಇದೆ.
ಕಂಪ್ಯೂಟರ್ ತಗೋತಿಲ್ಲ.
ಧೂಳಿಗೆ ಯೂನಿಟ್ ಏನು?"

ಗಡಿಯಾರ ನೋಡಿದೆ. ಎಂಟೂ ಇಪ್ಪತ್ತೆಂಟು.
ಇರಪ್ಪಾ, ಅಳೆದು ಬರುತ್ತೇನೆ ಎಂದು
ಬೀಗದ ಕೈ ತೆಗೆದುಕೊಂಡೆ.